ಮಾಗಿಯ ಚಳಿಯೂ ಡೀಸೆಲ್ ಎಂಜಿನ್ನೂ

ಮೈಸೂರಿನ ಚಳಿ ಕಠೋರವಾದುದೆಂದು ಯಾರೂ ದೂರಲಾರರು. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಚಾಮುಂಡಿಬೆಟ್ಟದ ನೆತ್ತಿ ಬೆಳಗಿನ ಹೊತ್ತು ಮಂಜಿನಲ್ಲಿ ಮರೆಯಾಗಿರುವುದುಂಟು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವಾಯುವಿಹಾರಕ್ಕೆ ಬಂದವರು ಕಿವಿಗೆ ಮಫ್ಲರ್ ಸುತ್ತಿಕೊಂಡಿರುವುದುಂಟು. ಬಿಸಿಲೇರಿತೆಂದರೆ ಎಲ್ಲವೂ ಮರೆತುಹೋಗುತ್ತದೆ. 2012ರ ಜನವರಿ 16ರಂದು ಉಷ್ಣತೆ 7.7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದುದು ಈ ಊರಿನ ಮಟ್ಟಿಗೆ ಒಂದು ದಾಖಲೆಯೇ ಆಯಿತು. ನೀರು ಹೆಪ್ಪುಗಟ್ಟಲು ಅದಕ್ಕಿಂತಲೂ ಏಳೆಂಟು ಡಿಗ್ರಿ ಕೆಳಗಿಳಿಯಬೇಕು. ಇಷ್ಟು ಸೌಮ್ಯವಾದ ಹವೆಯಲ್ಲಿಯೂ ಡಿಸೆಂಬರ್, ಜನವರಿ ತಿಂಗಳುಗಳ ಮುಂಜಾವಿನಲ್ಲಿ ಕೆಲವು ಲಾರಿಗಳು ಏಳುವುದೇ ಇಲ್ಲ. “ಗಾಡಿಗೂ ಚಳಿ ಹಿಡಿದಿದೆ” ಎಂದು ಚಾಲಕರು ನಗೆಯಾಡುತ್ತಾರೆ. ಸಂಜೆ ನೆಟ್ಟಗೆ ಬಂದು ನಿಂತ ಯಂತ್ರವು ಬೆಳಗಾಗುವಷ್ಟರಲ್ಲಿ ಹಟ ಹಿಡಿಯುವುದಕ್ಕೆ ಕಾರಣವೇನು?

ನಂಜನಗೂಡಿನ ರಸ್ತೆಯಲ್ಲಿ, ಬಂಡಿಪಾಳ್ಯದಲ್ಲಿ, ಕೃಷಿ ಉತ್ಪನ್ನ ಮಾರುಕಟ್ಟೆಯ ವಿಶಾಲವಾದ ಪ್ರಾಂಗಣವಿದೆ. ಊರು ನಿದ್ರಿಸುತ್ತಿರುವಾಗಲೇ ಇಲ್ಲಿ ಮೂಟೆಗಳು ಇಳಿಯುತ್ತವೆ, ಏರುತ್ತವೆ. ಇಲ್ಲಿಂದ ಉದಕಮಂಡಲದ ಕಡೆಗೆ ಹೊರಡುವ ಲಾರಿಗಳಿಗೆ ಕಾಲದ ಕಟ್ಟೊಂದಿದೆ. ಬಂಡೀಪುರದ ಕಾಡನ್ನು ಹಾದುಹೋಗುವ ಹೆದ್ದಾರಿಯಲ್ಲಿ ವನ್ಯಪ್ರಾಣಿಗಳು ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದುದರಿಂದ, 2009ರಿಂದ ರಾತ್ರಿ 9 ಗಂಟೆ ಮೊದಲ್ಗೊಂಡು ಬೆಳಗಿನ 6 ಗಂಟೆಯವರೆಗೆ ಸಂಚಾರವನ್ನು ನಿಷೇಧಿಸಲಾಗಿದೆ. ಬೆಳಗ್ಗೆ ಮೇಲುಕಾಮನಹಳ್ಳಿಯ ತಪಾಸಣಾ ಗೇಟು ತೆರೆಯುವ ವೇಳೆಗೆ ಅಲ್ಲಿರಬೇಕಾದ ಲಾರಿಯು ಮೈಸೂರನ್ನು ನಾಲ್ಕು ಗಂಟೆಗೆಲ್ಲ ಬಿಡಬೇಕು. ಚಳಿ ಬಲಿಯುವ ಹೊತ್ತೂ ಅದೇ.

ಅಂತಹ ಒಂದು ಮುಂಜಾವು. ಟೊಮ್ಯಾಟೊ ಪೆಟ್ಟಿಗೆಗಳನ್ನೂ ಹಸಿಮೆಣಸಿನಕಾಯಿಯ ಚೀಲಗಳನ್ನೂ ಹೇರಿಕೊಂಡು ನಿಂತ ಹಳೆಯ ಲಾರಿಯೊಂದರ ಚಾಲಕ ಕೀಲಿಯನ್ನು ತಿರುಗಿಸಿದ. ಎಂಜಿನ್ನು ಗಿರಗಿರನೆ ಸುತ್ತಿತು, ಆದರೆ ಹೊತ್ತಿಕೊಳ್ಳಲಿಲ್ಲ. ಮತ್ತೊಮ್ಮೆ, ಮಗದೊಮ್ಮೆ ಸೆಲ್ಫ್ ಹಾಕಿದ. ಪ್ರತಿಸಲವೂ ಸುತ್ತುವ ಸದ್ದು ಮಂದವಾಗುತ್ತ ಬಂದಿತು. ಕ್ಲೀನರ್ ಹುಡುಗ ಮೈ ಮುದುಡಿಕೊಂಡು ಕೆಳಗಿಳಿದು, “ಅಣ್ಣಾ, ಗೋಣಿತಾಟಿಗೆ ಡೀಸೆಲ್ ಅದ್ದಿ ಟ್ಯಾಂಕಿನ ಕೆಳಗೆ ಬೆಂಕಿ ಕಾಸಲಾ? ಹೋದ ವರ್ಷ ಘಟ್ಟದ ಮೇಲೆ ಯಾರೋ ಹಂಗೇ ಮಾಡಿದ್ರು” ಎಂದ. ಪಕ್ಕದ ಗ್ಯಾರೇಜಿನ ಹಿರಿಯ ಮೇಸ್ತ್ರಿಗೆ ಅಷ್ಟರಲ್ಲಿ ಎಚ್ಚರವಾಗಿತ್ತು. ಅವರು ಕಂಬಳಿ ಹೊದ್ದುಕೊಂಡೇ ಬಂದು ಹುಡುಗನ ಕೈಯಿಂದ ಬೆಂಕಿಪೊಟ್ಟಣವನ್ನು ತೆಗೆದುಕೊಂಡು, “ಬೆಂಕಿ ಬೇಡ ಮಗ. ನೀವೂ ಸೆಲ್ಫ್ ಹಾಕೋದು ನಿಲ್ಸಿ ಡ್ರೈವರೇ. ಗಾಡಿಗೆ ಏನು ಬೇಕಾಗಿದೆ ಅಂತ ಮೊದಲು ನೋಡೋಣ” ಎಂದರು.

ಆ ಯಂತ್ರಕ್ಕೆ ಬೇಕಾಗುವುದೇನು ಎಂಬುದನ್ನು ತಿಳಿಯದೆ ಅದರ ರೋಗವನ್ನು ತಿಳಿಯಲಾಗದು.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವನ್ನೂ ಗಾಳಿಯನ್ನೂ ಬೆರೆಸಿ ಒಳಗೆ ಕಳುಹಿಸಿದ ಮೇಲೆ ವಿದ್ಯುತ್ತಿನ ಒಂದು ಕಿಡಿಯು ಅದಕ್ಕೆ ಬೆಂಕಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ನಿಗೆ ಹೀಗೆ ಕಡ್ಡಿ ಗೀರಿಕೊಡುವವರಿಲ್ಲ. ತನಗೆ ಬೇಕಾದ ಬೆಂಕಿಯನ್ನು ಅದು ತಾನೇ ಹುಟ್ಟಿಸಿಕೊಳ್ಳಬೇಕು. ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆದವರೆಲ್ಲರೂ ಪಂಪಿನ ಬುಡವು ಬಿಸಿಯಾಗುವುದನ್ನು ಕಂಡಿರುತ್ತಾರೆ. ಬೆರಳಿಟ್ಟರೆ ಚುರುಕೆನ್ನುವ ಆ ಶಾಖದ ಬಹುಭಾಗವು ಬಂದದ್ದು ಗಾಳಿಯನ್ನು ಇಕ್ಕಟ್ಟಾದ ಜಾಗಕ್ಕೆ ಅದುಮಿದುದರಿಂದ. ಅನಿಲವನ್ನು ಒಮ್ಮೆಗೇ ಅದುಮಿದರೆ ಅದು ಬಿಸಿಯಾಗುತ್ತದೆ; ಹೆಚ್ಚು ಅದುಮಿದಷ್ಟೂ ಹೆಚ್ಚು ಬಿಸಿಯಾಗುತ್ತದೆ. ಲಾರಿಯ ಎಂಜಿನ್ನಿನಲ್ಲಿ ಪಿಸ್ಟನ್ನು ಮೇಲೇರುತ್ತ ಸಿಲಿಂಡರಿನಲ್ಲಿರುವ ಗಾಳಿಯನ್ನು ಅದರ ಮೊದಲ ಗಾತ್ರದ ಹದಿನಾರನೆಯ ಅಥವಾ ಹದಿನೆಂಟನೆಯ ಒಂದು ಭಾಗದಷ್ಟಕ್ಕೆ ಅದುಮಿಬಿಡುತ್ತದೆ. ಎಂಜಿನ್ನು ಆರೋಗ್ಯವಾಗಿದ್ದು ವೇಗವಾಗಿ ತಿರುಗುತ್ತಿದ್ದರೆ ಆ ಗಾಳಿಯ ಉಷ್ಣತೆ 500 ಡಿಗ್ರಿಯನ್ನು ಮೀರುತ್ತದೆ. ಆ ಕ್ಷಣಕ್ಕೆ ಸರಿಯಾಗಿ ನಾಜಲ್ಲಿನಿಂದ ಡೀಸೆಲ್ಲು ಮಂಜಿನಂತೆ ಸಿಡಿದು, ಕಾದ ಗಾಳಿಯನ್ನು ಸೋಂಕಿದೊಡನೆ ತಾನೇ ಹೊತ್ತಿಕೊಳ್ಳುತ್ತದೆ.

ಈ ಉಪಾಯವನ್ನು ಕಾರ್ಯಗತಗೊಳಿಸಿದವನು ರುಡಾಲ್ಫ್ ಡೀಸೆಲ್. 1858ರಲ್ಲಿ ಪ್ಯಾರಿಸ್ಸಿನಲ್ಲಿ ಜರ್ಮನ್ ದಂಪತಿಗಳ ಮಗನಾಗಿ ಹುಟ್ಟಿದ ಈತ ಮ್ಯೂನಿಕ್ಕಿನಲ್ಲಿ ಯಂತ್ರಶಾಸ್ತ್ರವನ್ನು ಕಲಿತ. ಉಗಿಯಂತ್ರವು ಕಲ್ಲಿದ್ದಲಿನ ಶಾಖದಲ್ಲಿ ಬಹುಪಾಲನ್ನು ಪೋಲು ಮಾಡುವುದನ್ನು ಕಂಡು, ಅದಕ್ಕಿಂತ ಮಿತವ್ಯಯದ ಯಂತ್ರವೊಂದಕ್ಕಾಗಿ ವರ್ಷಗಟ್ಟಲೆ ಶ್ರಮಿಸಿ, 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. ಆದರೆ ಅದು ಆಳೆತ್ತರವನ್ನೂ ಮೀರಿದ ಭಾರಿ ಯಂತ್ರ; ಗಾಡಿಯ ಮೇಲೆ ಕೂರಿಸುವಂತಹುದಲ್ಲ. ಇಂಧನವನ್ನು ಒಳಗೆ ಊದಲು ಗಾಳಿಯ ದೊಡ್ಡ ಸಂಪೀಡಕವೊಂದು ಬೇಕಾಗುತ್ತಿತ್ತು. ಲಾರಿಗೆ ಒಗ್ಗುವ ಚಿಕ್ಕ ಇಂಧನ ಪಂಪನ್ನು ರಾಬರ್ಟ್ ಬಾಷ್‌ನ ಸಂಸ್ಥೆಯು ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸಲು ಆರಂಭಿಸಿದುದು 1927ರಲ್ಲಿ. ಅದೇ ಸಂಸ್ಥೆಯ ಸಹಯೋಗದಿಂದ 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯನ್ನು ಕನ್ನಡಿಗರು ‘ಮೈಕೋ’ ಎಂಬ ಹೆಸರಿನಿಂದ ಬಲ್ಲರು. ಎಷ್ಟೋ ಲಾರಿಗಳ, ಟ್ರ್ಯಾಕ್ಟರುಗಳ ಹೃದಯವೆನ್ನಬಹುದಾದ ಪಂಪುಗಳು ಆಡುಗೋಡಿಯ ಆ ಕಾರ್ಖಾನೆಯಿಂದ ಬಂದವು.

ಡೀಸೆಲ್ಲು ಹೊತ್ತಿಕೊಳ್ಳಲು 250 ಡಿಗ್ರಿಯ ಆಸುಪಾಸಿನ ಶಾಖವೇ ಸಾಕು. 500 ಡಿಗ್ರಿ ದೊರೆಯುವಲ್ಲಿ ನಾಲ್ಕಾರು ಡಿಗ್ರಿ ಚಳಿಯ ಏರಿಳಿತದಿಂದ ಏನಾದೀತು ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಆ 500 ಡಿಗ್ರಿಯು ಅನೇಕ ಅನುಕೂಲಗಳು ಒಟ್ಟುಗೂಡಿದಾಗ ಮಾತ್ರ ಕೈಗೆ ಬರುವಂತಹುದು. ಮೊದಲನೆಯದಾಗಿ, ಒಳಬರುವ ಗಾಳಿಯು 15 ಡಿಗ್ರಿಯಷ್ಟು ಹೆಚ್ಚು ತಣ್ಣಗಿದ್ದರೆ, ಅದುಮಿದ ಮೇಲೆ ಅದರ ಉಷ್ಣತೆ ಲೆಕ್ಕದ ಪ್ರಕಾರ ಸುಮಾರು 45 ಡಿಗ್ರಿ ಕಡಿಮೆಯಾಗುತ್ತದೆ. ಆರಂಭದ ಕೊರತೆಯು ಕೊನೆಯಲ್ಲಿ ಮೂರರಷ್ಟಾಗುತ್ತದೆ. ಎರಡನೆಯದಾಗಿ, ರಾತ್ರಿಯೆಲ್ಲ ತಣಿದ ಕಬ್ಬಿಣದ ಗೋಡೆಗಳು ಆ ಶಾಖವನ್ನು ಹೀರಿಕೊಳ್ಳುತ್ತವೆ. ಎಲ್ಲಕ್ಕಿಂತ ಮುಖ್ಯವಾದುದು ಎಂಜಿನ್ನು ತಿರುಗುವ ವೇಗ. ಸೆಲ್ಫು ಎಂಜಿನ್ನನ್ನು ನಿಮಿಷಕ್ಕೆ 200 ಸುತ್ತು ತಿರುಗಿಸಿದರೆ ಪಿಸ್ಟನ್ನು ಕೆಳಗಿನಿಂದ ಮೇಲಕ್ಕೇರಲು 0.15 ಸೆಕೆಂಡು ಸಾಕು. ಸುತ್ತುಗಳು 100ಕ್ಕೆ ಇಳಿದರೆ ಅದಕ್ಕೆ 0.3 ಸೆಕೆಂಡು ಬೇಕು. ಅದುಮಿದ ಗಾಳಿಯು ಪಿಸ್ಟನ್ನಿನ ಬಳೆಗಳ ಸಂದಿನಲ್ಲಿ ಸೋರಿಹೋಗುವುದಕ್ಕೂ, ಹುಟ್ಟಿದ ಶಾಖವು ತಣ್ಣನೆಯ ಗೋಡೆಗಳಿಗೆ ಇಳಿದುಹೋಗುವುದಕ್ಕೂ ಆಗ ಎರಡರಷ್ಟು ಕಾಲಾವಕಾಶ ಸಿಕ್ಕಂತಾಯಿತು. ಸೈಕಲ್ ಪಂಪನ್ನು ನಿಧಾನವಾಗಿ ಒತ್ತಿದರೆ ಅದು ಬಿಸಿಯಾಗದಿರುವುದೂ ಇದೇ ಕಾರಣದಿಂದ.

ವೇಗವನ್ನು ತಗ್ಗಿಸುವ ಸಂಚೂ ಚಳಿಯದೇ. ಎಂಜಿನ್ನಿನ ಕೀಲೆಣ್ಣೆಯು ತಣ್ಣಗಾದಾಗ ಮಂದವಾಗಿ, ತಿರುಗಿಸುವ ಕೆಲಸ ಕಷ್ಟವಾಗುತ್ತದೆ. ಕೆಲಸ ಹೆಚ್ಚಾದ ಸಮಯದಲ್ಲಿಯೇ ಕೆಲಸಗಾರನ ಬಲ ಕುಂದುತ್ತದೆ: ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿಯಲ್ಲಿ ನಿಧಾನವಾಗುವುದರಿಂದ, ಶೂನ್ಯ ಡಿಗ್ರಿಯಲ್ಲಿ ಅದರ ಎಬ್ಬಿಸುವ ಶಕ್ತಿಯು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗಿರುತ್ತದೆ. ಮೈಸೂರಿನ ಚಳಿಯಲ್ಲಿ ನಷ್ಟ ಅಷ್ಟಿಲ್ಲ. ಆದರೆ ಬ್ಯಾಟರಿ ಹಳೆಯದಾಗಿದ್ದರೆ ಅಷ್ಟೇ ಸಾಕು. ವಿಚಿತ್ರವೆಂದರೆ, ಬ್ಯಾಟರಿಯನ್ನು ಒಳಗೊಳಗೇ ಸವೆಸುವುದು ಬೇಸಗೆಯ ಬಿಸಿ. ಏಪ್ರಿಲ್ ತಿಂಗಳ ಬಿಸಿಲು ಮಾಡಿದ ಹಾನಿಯ ಗುಟ್ಟನ್ನು ಜನವರಿಯ ಚಳಿ ಹೊರಗೆಡಹುತ್ತದೆ, ಅಷ್ಟೆ.

ಇನ್ನು ಡೀಸೆಲ್ಲೇ ಹೆಪ್ಪುಗಟ್ಟಿರಬಹುದೆಂಬ ಸಂಶಯ. ಕ್ಲೀನರ್ ಹುಡುಗನ ಬೆಂಕಿಯ ಯೋಚನೆಗೆ ಇದೇ ಮೂಲ. ಡೀಸೆಲ್ಲಿನಲ್ಲಿ ಮೇಣದ ಜಾತಿಯ ವಸ್ತುಗಳು ಕರಗಿರುತ್ತವೆ; ಕೊಬ್ಬರಿ ಎಣ್ಣೆಯು ಮಾಗಿಯಲ್ಲಿ ಶೀಸೆಯೊಳಗೇ ಗಟ್ಟಿಯಾಗುವಂತೆ, ತಕ್ಕಷ್ಟು ಚಳಿಯಲ್ಲಿ ಆ ಮೇಣವು ಹರಳುಗಟ್ಟಿ ಶೋಧಕದ ಸೂಕ್ಷ್ಮರಂಧ್ರಗಳನ್ನು ಮುಚ್ಚಿಬಿಡುತ್ತದೆ. ಇದು ನಿಜವೇ. ಆದರೆ ಎಷ್ಟು ಚಳಿಯಲ್ಲಿ ಎಂಬುದು ಮುಖ್ಯ. ಭಾರತೀಯ ಮಾನಕದ ಪ್ರಕಾರ ನವೆಂಬರಿನಿಂದ ಫೆಬ್ರವರಿಯವರೆಗೆ ಮಾರುವ ಡೀಸೆಲ್ಲು 6 ಡಿಗ್ರಿಯವರೆಗೂ ಶೋಧಕದ ಮೂಲಕ ಹರಿಯುವಂತಿರಬೇಕು. ಲಡಾಖಿನಲ್ಲಿ ಈ ಡೀಸೆಲ್ಲು ಸಾಲದೆ, ಸೊನ್ನೆಗಿಂತ 33 ಡಿಗ್ರಿ ಕೆಳಗಿಳಿದರೂ ಗಟ್ಟಿಯಾಗದ ವಿಶೇಷ ಡೀಸೆಲ್ಲನ್ನು 2019ರ ನವೆಂಬರಿನಲ್ಲಿ ಅಲ್ಲಿಗೆ ಒದಗಿಸಲು ಆರಂಭಿಸಲಾಯಿತು. ಅದಕ್ಕೆ ಮೊದಲು ಅಲ್ಲಿನ ಚಾಲಕರು ಇಂಧನಕ್ಕೆ ಸೀಮೆಎಣ್ಣೆ ಬೆರೆಸಿ ದಿನ ದೂಡುತ್ತಿದ್ದರು. ಮೈಸೂರಿನ ಲಾರಿಗೆ ಆ ಕಷ್ಟವಿಲ್ಲ. ಇಲ್ಲಿ ಎಂಜಿನ್ನು ಏಳದಿದ್ದರೆ ಹೆಪ್ಪುಗಟ್ಟಿದ ಡೀಸೆಲ್ಲನ್ನು ದೂರುವುದು ತಪ್ಪಾಗುತ್ತದೆ.

ಬಂಡಿಪಾಳ್ಯದ ಮೇಸ್ತ್ರಿಗೆ ಈ ಅಂಕಿಗಳ ಪರಿಚಯವಿತ್ತೋ ಇಲ್ಲವೋ, ಅವರ ಪರೀಕ್ಷೆಯ ಕ್ರಮದಲ್ಲಿ ಈ ಶಾಸ್ತ್ರವೆಲ್ಲ ಅಡಗಿತ್ತು. ಎಂಜಿನ್ನು ವೇಗವಾಗಿ ತಿರುಗುತ್ತಿದೆಯೆ? ಡೀಸೆಲ್ಲು ಒಳಗೆ ತಲಪುತ್ತಿದೆಯೆ? ತಲಪಿದ್ದು ಹೊತ್ತಿಕೊಳ್ಳುವಷ್ಟು ಶಾಖ ಹುಟ್ಟುತ್ತಿದೆಯೆ? ಇವುಗಳಲ್ಲಿ ಒಂದಕ್ಕೆ ಉತ್ತರ ಸಿಗುವವರೆಗೆ ಅವರು ಪಾನಾ ಹಿಡಿಯುವವರಲ್ಲ.

ಮೊದಲು ಮುಂದಿನ ದೀಪಗಳನ್ನು ಹಚ್ಚಿಸಿ, ಒಂದೇ ಒಂದು ಸಲ ಸೆಲ್ಫ್ ಹಾಕಲು ಹೇಳಿದರು. ದೀಪಗಳು ಪೂರ್ತಿ ಆರಿಹೋದರೆ ಬ್ಯಾಟರಿ ಬರಿದಾಗಿದೆ, ಇಲ್ಲವೇ ಅದರ ಕೊನೆಗಳಲ್ಲಿ ತಂತಿ ಸಡಿಲವಾಗಿದೆ ಎಂದರ್ಥ. ದೀಪ ಕುಂದದೆ ಸೆಲ್ಫು ಮಾತ್ರ ಮೌನವಾಗಿದ್ದರೆ ದೋಷ ಸ್ವಿಚ್ಚಿನ ಕಡೆಗೆ. ಇಲ್ಲಿ ದೀಪಗಳು ಮಂಕಾದವು, ಆರಲಿಲ್ಲ. ಎಂಜಿನ್ನು ಸಾಕಷ್ಟು ಚುರುಕಾಗಿಯೇ ಸುತ್ತಿತು. ಬ್ಯಾಟರಿಯ ಕೊನೆಗಳ ಮೇಲೆ ಹಸಿರು ಬಿಳುಪಿನ ಉಪ್ಪು ಬೆಳೆದಿರುವುದನ್ನು ಮೇಸ್ತ್ರಿ ಟಾರ್ಚು ಬಿಟ್ಟು ನೋಡಿ, ಹುಡುಗನಿಂದ ತಿಕ್ಕಿಸಿದರು. “ಒಂದು ಸಲಕ್ಕೆ ಹತ್ತು ಎಣಿಸುವಷ್ಟು ಸೆಲ್ಫ್ ಹಾಕ್ಬೇಕು, ಆಮೇಲೆ ಎರಡು ನಿಮಿಷ ಸುಮ್ನಿರ್ಬೇಕು” ಎಂದು ಚಾಲಕನಿಗೆ ಹೇಳಿದರು. ಎಡೆಬಿಡದೆ ಸೆಲ್ಫ್ ಹಾಕಿದರೆ ಬ್ಯಾಟರಿ ಬಸವಳಿಯುವುದಲ್ಲದೆ ಸೆಲ್ಫಿನ ಸುರುಳಿಗಳೇ ಸುಟ್ಟುಹೋಗಬಹುದು. ಒಂದು ರೋಗಕ್ಕೆ ಔಷಧ ಹುಡುಕುವಷ್ಟರಲ್ಲಿ ಎರಡನೆಯ ರೋಗವನ್ನು ಆಹ್ವಾನಿಸಿದಂತೆ.

ಆ ಒಂದು ಸಲದ ಸೆಲ್ಫಿನ ವೇಳೆ ಮೇಸ್ತ್ರಿಯ ಕಣ್ಣು ಎಂಜಿನ್ನಿನ ಕಡೆಗೆ ಇರಲೇ ಇಲ್ಲ. ಅವರು ಸೈಲೆನ್ಸರಿನ ಬಾಯಿಗೆ ಟಾರ್ಚು ಬಿಟ್ಟು ನಿಂತಿದ್ದರು. ಎಂಜಿನ್ನಿನ ಒಳಗಿನ ಸಮಾಚಾರವನ್ನು ತಿಳಿಯಲು ಅದಕ್ಕಿಂತ ಸುಲಭವಾದ ಕಿಂಡಿ ಮತ್ತೊಂದಿಲ್ಲ. ಅಲ್ಲಿಂದ ಬೂದುಬಿಳುಪಿನ ಹೊಗೆ ಬಂದರೆ, ಡೀಸೆಲ್ಲು ಸಿಲಿಂಡರಿಗೆ ಬರುತ್ತಿದೆ, ಆದರೆ ಉರಿಯದೆ ಆವಿಯಾಗಿ ಹೊರಬೀಳುತ್ತಿದೆ ಎಂದು ತಿಳಿಯಬೇಕು, ಕೊರತೆಯಿರುವುದು ಶಾಖಕ್ಕೆ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲು ಒಳಕ್ಕೆ ಹೋಗುತ್ತಲೇ ಇಲ್ಲ. ಈ ಎರಡು ದಾರಿಗಳೂ ಬೇರೆಬೇರೆ. ಇದನ್ನು ನೋಡದೆ ಎಂಜಿನ್ನು ಬಿಚ್ಚಲು ಹೊರಟವನು ದಿನವೆಲ್ಲ ದುಡಿದು ತಪ್ಪು ಬಾಗಿಲನ್ನು ತಟ್ಟುತ್ತಿರುತ್ತಾನೆ.

ಬಿಳಿ ಹೊಗೆಯ ದಾರಿ ಹಿಡಿದರೆ ಸಿಗುವ ಕಾರಣಗಳು ಹಲವು. ಸಣ್ಣ ಗಾತ್ರದ ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಪ್ರತಿಯೊಂದು ಸಿಲಿಂಡರಿಗೂ ಕೆಂಪಗೆ ಕಾಯುವ ಒಂದು ಹೀಟರು ಇರುತ್ತದೆ. ದೊಡ್ಡ ಎಂಜಿನ್ನುಗಳಲ್ಲಿ ಕೆಲವಕ್ಕೆ ಒಳಬರುವ ಗಾಳಿಯನ್ನು ಬಿಸಿ ಮಾಡುವ ಸುರುಳಿಯಿರುತ್ತದೆ. ಕೀಲಿಯನ್ನು ಅರ್ಧ ತಿರುಗಿಸಿ, ಮುಂದಿನ ಫಲಕದಲ್ಲಿ ಅದರ ದೀಪ ಆರುವವರೆಗೆ ಕಾಯುವ ತಾಳ್ಮೆ ಎಲ್ಲ ಚಾಲಕರಿಗೂ ಇರುವುದಿಲ್ಲ. ಪಿಸ್ಟನ್ನಿನ ಬಳೆಗಳೂ ಕವಾಟಗಳೂ ಸವೆದಿದ್ದರೆ ಅದುಮಿದ ಗಾಳಿ ನಿಲ್ಲುವುದಿಲ್ಲ. ಬೇಸಗೆಯಲ್ಲಿ ಹೇಗೋ ಏಳುತ್ತಿದ್ದ ಮುದಿ ಎಂಜಿನ್ನು ಮಾಗಿಯಲ್ಲಿ ಕೈಕೊಡುವುದು ಹೆಚ್ಚಾಗಿ ಹೀಗೆಯೇ. ಅದಕ್ಕೆ ರಸ್ತೆಬದಿಯ ಮದ್ದಿಲ್ಲ.

ಬಂಡಿಪಾಳ್ಯದ ಲಾರಿಯ ಸೈಲೆನ್ಸರಿನಿಂದ ಹೊಗೆಯ ಒಂದು ಎಳೆಯೂ ಬರಲಿಲ್ಲ.

ಮೇಸ್ತ್ರಿ ಮೊದಲು ನೋಡಿದುದು ಚಾಲಕನ ಮುಂದಿರುವ ‘ಸ್ಟಾಪರ್’ ಹಿಡಿಯನ್ನು. ಹಳೆಯ ಲಾರಿಗಳಲ್ಲಿ ಎಂಜಿನ್ನನ್ನು ನಿಲ್ಲಿಸಬೇಕಾದರೆ ಈ ಹಿಡಿಯನ್ನು ಎಳೆದು ಡೀಸೆಲ್ಲಿನ ದಾರಿಯನ್ನು ಕಟ್ಟಬೇಕು. ರಾತ್ರಿ ಎಳೆದುದನ್ನು ಬೆಳಗ್ಗೆ ಒಳಕ್ಕೆ ತಳ್ಳಲು ಮರೆತು, ಅರ್ಧ ಗಂಟೆ ಸೆಲ್ಫ್ ಹಾಕಿ, ಮೆಕ್ಯಾನಿಕ್ಕನ್ನು ಮನೆಯಿಂದ ಕರೆತಂದು ತಲೆತಗ್ಗಿಸಿ ನಿಂತ ಚಾಲಕರ ಕಥೆಗಳು ಪ್ರತಿಯೊಂದು ಗ್ಯಾರೇಜಿನಲ್ಲಿಯೂ ಇವೆ. ಇಲ್ಲಿ ಹಿಡಿ ಸರಿಯಾಗಿಯೇ ಇತ್ತು. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ಲಿತ್ತು. ಹಾಗಾದರೆ ಟ್ಯಾಂಕಿಗೂ ನಾಜಲ್ಲಿಗೂ ನಡುವೆ ಎಲ್ಲಿಯೋ ದಾರಿ ಕೆಟ್ಟಿದೆ.

ಆ ದಾರಿಯನ್ನು ತುಸು ವಿವರವಾಗಿ ತಿಳಿಯಬೇಕು. ಎಂಜಿನ್ನಿಗೆ ಅಂಟಿಕೊಂಡಿರುವ ಒಂದು ಚಿಕ್ಕ ಪಂಪು ಟ್ಯಾಂಕಿನಿಂದ ಡೀಸೆಲ್ಲನ್ನು ಎಳೆದುಕೊಂಡು, ಶೋಧಕಗಳ ಮೂಲಕ ಹಾಯಿಸಿ, ದೊಡ್ಡ ಇಂಧನ ಪಂಪಿಗೆ ಕೊಡುತ್ತದೆ. ದೊಡ್ಡ ಪಂಪು ಅದನ್ನು ಅತಿಯಾದ ಒತ್ತಡದಿಂದ ನಾಜಲ್ಲುಗಳಿಗೆ ನೂಕುತ್ತದೆ. ಚಿಕ್ಕ ಪಂಪಿನಿಂದ ಮುಂದಕ್ಕೆ ಇರುವುದು ನೂಕುವ ದಾರಿ. ಅಲ್ಲಿ ರಂಧ್ರವಾದರೆ ಡೀಸೆಲ್ಲು ಹೊರಕ್ಕೆ ಜಿನುಗಿ ಕಣ್ಣಿಗೆ ಬೀಳುತ್ತದೆ. ಅದರ ಹಿಂದಕ್ಕೆ ಟ್ಯಾಂಕಿನವರೆಗೆ ಇರುವುದು ಎಳೆಯುವ ದಾರಿ. ಅಲ್ಲಿ ರಂಧ್ರವಾದರೆ ಹೊರಕ್ಕೆ ಏನೂ ಬರುವುದಿಲ್ಲ, ಒಳಕ್ಕೆ ಗಾಳಿ ಹೋಗುತ್ತದೆ. ಬಾಯಿಯಿಂದ ಎಳನೀರು ಹೀರುವ ಕೊಳವೆಯಲ್ಲಿ ಸೀಳಿದ್ದರೆ ನೀರು ಸೋರದೆ ಬರಿ ಗಾಳಿ ಬಾಯಿಗೆ ಬರುವಂತೆಯೇ ಇದು. ಎಲ್ಲಿಯೂ ಒದ್ದೆಯಿಲ್ಲವೆಂದು ಚಾಲಕನು ನಿಶ್ಚಿಂತನಾಗಿರುತ್ತಾನೆ. ಓಡುವಾಗ ಅಷ್ಟಿಷ್ಟು ಗಾಳಿ ಸೇರಿದರೂ ಎಂಜಿನ್ನು ಸಹಿಸಿಕೊಂಡು ಹೋಗುತ್ತದೆ. ರಾತ್ರಿ ನಿಂತಾಗ ಆ ಸೀಳಿನ ಮೂಲಕ ಗಾಳಿಯು ಮೆಲ್ಲಗೆ ಒಳಹೊಕ್ಕು, ಕೊಳವೆಯಲ್ಲಿದ್ದ ಡೀಸೆಲ್ಲು ತನ್ನ ಭಾರಕ್ಕೆ ತಾನೇ ಟ್ಯಾಂಕಿಗೆ ಇಳಿದುಹೋಗುತ್ತದೆ. ಮುಂಜಾನೆಯ ಹೊತ್ತಿಗೆ ದಾರಿ ಬರಿದು. ಡೀಸೆಲ್ಲನ್ನು ನೂಕಬೇಕಾದ ಪಂಪು ಗಾಳಿಯನ್ನು ಹಿಡಿದು ಒದ್ದಾಡುತ್ತದೆ. ದ್ರವದಂತೆ ಗಾಳಿಯು ಒತ್ತಡಕ್ಕೆ ಬಿಗಿಯಾಗಿ ನಿಲ್ಲದೆ ಕುಗ್ಗುವುದರಿಂದ ನಾಜಲ್ಲು ತೆರೆಯುವುದೇ ಇಲ್ಲ. ಇದನ್ನೇ ಮೆಕ್ಯಾನಿಕ್ಕುಗಳು “ಏರ್ ಹಿಡಿದಿದೆ” ಎನ್ನುವುದು.

ಚಳಿಗೂ ಇದಕ್ಕೂ ಇರುವ ನಂಟು ಇಲ್ಲಿದೆ. ರಬ್ಬರಿನ ಕೊಳವೆಗಳು ವರ್ಷಗಳು ಕಳೆದಂತೆ ಗಡುಸಾಗುತ್ತವೆ. ಚಳಿಯಲ್ಲಿ ಅವು ಇನ್ನಷ್ಟು ಬಿಗಿತು, ಕುಗ್ಗಿ, ಲೋಹದ ಕ್ಲಿಪ್ಪಿನ ಹಿಡಿತದಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತವೆ. ಬಿಸಿಲೇರಿ ರಬ್ಬರು ಹಿಗ್ಗಿದಾಗ ಆ ಸಂದು ಮುಚ್ಚಿಕೊಂಡು, ದೋಷವೇ ಮಾಯವಾಗುತ್ತದೆ. ಹಗಲು ಗ್ಯಾರೇಜಿಗೆ ಒಯ್ದಾಗ ಗಾಡಿ ನೆಟ್ಟಗಿರುವುದೂ, ಮರುದಿನ ಮುಂಜಾನೆ ಮತ್ತೆ ಹಟ ಹಿಡಿಯುವುದೂ ಇದರಿಂದಲೇ.

ಮೇಸ್ತ್ರಿ ಶೋಧಕದ ಮೇಲಿರುವ ಗಾಳಿ ಬಿಡುವ ತಿರುಪನ್ನು ಎರಡು ಸುತ್ತು ಸಡಿಲಿಸಿ, ಚಿಕ್ಕ ಪಂಪಿಗೆ ಸೇರಿದ ಕೈಪಂಪನ್ನು ಒತ್ತತೊಡಗಿದರು. ಮೊದಲಿಗೆ ಅದು ಕೈಗೆ ಏನೂ ತಡೆಯೊಡ್ಡದೆ ಪೊಳ್ಳಾಗಿ ಆಡಿತು. ಇಪ್ಪತ್ತು ಮೂವತ್ತು ಸಲ ಒತ್ತಿದ ಮೇಲೆ ತಿರುಪಿನ ಬುಡದಲ್ಲಿ ನೊರೆ ಕಾಣಿಸಿತು. ನೊರೆ ಗುಳ್ಳೆಗಳಾಗಿ, ಗುಳ್ಳೆಗಳು ಕಡಿಮೆಯಾಗಿ ಶುದ್ಧವಾದ ಡೀಸೆಲ್ಲು ಹರಿಯಬೇಕು. ಆದರೆ ಎಷ್ಟು ಒತ್ತಿದರೂ ಗುಳ್ಳೆಗಳು ನಿಲ್ಲಲಿಲ್ಲ. ಗಾಳಿ ಇನ್ನೂ ಒಳಬರುತ್ತಲೇ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಹುಡುಗ ಲಾರಿಯ ಕೆಳಗೆ ನುಸುಳಿ, ಮೇಸ್ತ್ರಿ ಹೇಳಿದಂತೆ ಟ್ಯಾಂಕಿನಿಂದ ಬರುವ ರಬ್ಬರ್ ಕೊಳವೆಯ ಕೀಲುಗಳನ್ನು ಒಂದೊಂದಾಗಿ ಅಂಗೈಯಲ್ಲಿ ಬಿಗಿಯಾಗಿ ಅದುಮಿ ಹಿಡಿದ. ಮೂರನೆಯ ಕೀಲನ್ನು ಹಿಡಿದಾಗ ಮೇಲೆ ಗುಳ್ಳೆಗಳು ನಿಂತುಹೋದವು. “ಅಲ್ಲೇ ಇದೆ, ಬಿಡ್ಬೇಡ!” ಎಂದು ಮೇಸ್ತ್ರಿ ಕೂಗಿದರು. ಕೊಳವೆಯ ಕೊನೆಯಲ್ಲಿ ಒಂದು ಅಂಗುಲದಷ್ಟು ರಬ್ಬರು ಒಡೆದಿತ್ತು. ಒಡೆದ ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಎಳೆದು ಕೂರಿಸಿ ಕ್ಲಿಪ್ಪು ಬಿಗಿದರು. ಶೋಧಕದ ತಳದ ತಿರುಪನ್ನು ತೆರೆದಾಗ ಮೊದಲು ಇಳಿದುದು ಡೀಸೆಲ್ಲಲ್ಲ, ಒಂದು ಬೊಗಸೆ ನೀರು. ರಾತ್ರಿಯ ತೇವದ ಗಾಳಿಯು ಅರೆಬರಿದಾದ ಟ್ಯಾಂಕಿನ ಗೋಡೆಗಳ ಮೇಲೆ ಇಬ್ಬನಿಗಟ್ಟಿ ಹೀಗೆ ನೀರಾಗುತ್ತದೆ. ಚಳಿಗಾಲದಲ್ಲಿ ಸಂಜೆಯೇ ಟ್ಯಾಂಕು ತುಂಬಿಸಿಡುವ ಪದ್ಧತಿ ಸುಮ್ಮನೆ ಬಂದುದಲ್ಲ.

ಈ ಉಪಚಾರವು ಹಳೆಯ ಮಾದರಿಯ ಲಾರಿಗೆ ತಕ್ಕುದು. 2020ರ ಏಪ್ರಿಲ್ ಒಂದರಿಂದ ಭಾರತ್ ಹಂತ ಆರರ ನಿಯಮಗಳು ಜಾರಿಗೆ ಬಂದ ಮೇಲಿನ ಹೊಸ ಲಾರಿಗಳಲ್ಲಿ ಇಂಧನವನ್ನು ನಿಯಂತ್ರಿಸುವುದು ಗಣಕ. ಎಂಜಿನ್ನು ತಿರುಗುವಾಗ ಅವುಗಳ ಇಂಧನನಾಳದ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ 1600 ಕಿಲೋಗ್ರಾಮನ್ನೂ ಮೀರಬಲ್ಲುದು. ಅಲ್ಲಿ ನಾಜಲ್ಲಿನ ಕೊಳವೆಯನ್ನು ಸಡಿಲಿಸಿ ಸೆಲ್ಫ್ ಹಾಕಿದರೆ ಚಿಮ್ಮುವ ಡೀಸೆಲ್ಲು ಸೂಜಿಯಂತೆ ಚರ್ಮವನ್ನು ಭೇದಿಸಿ ಒಳಹೋಗುತ್ತದೆ. ಗಾಯವು ಚುಕ್ಕೆಯಷ್ಟೇ ಕಂಡರೂ ಕೈಯನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಆ ಲಾರಿಗಳ ದೋಷವನ್ನು ತಕ್ಕ ಉಪಕರಣವನ್ನು ಜೋಡಿಸಿ ಓದಬೇಕು.

ಬೆಂಕಿಯ ಮಾತಿಗೆ ಬರಬೇಕಾದರೆ, ಡೀಸೆಲ್ಲು ಪೆಟ್ರೋಲಿನಷ್ಟು ಸುಲಭವಾಗಿ ಉರಿಯುವುದಿಲ್ಲವೆಂಬ ನಂಬಿಕೆಯೇ ಅಪಾಯದ ಮೂಲ. 35 ಡಿಗ್ರಿಗಿಂತ ಕೆಳಗೆ ಕಿಡಿಗೆ ಹೊತ್ತಿಕೊಳ್ಳುವ ಆವಿ ಏಳಕೂಡದೆಂಬುದಷ್ಟೇ ಡೀಸೆಲ್ಲಿಗಿರುವ ಮಾನಕ. ಟ್ಯಾಂಕಿನ ಕೆಳಗೆ ಗೋಣಿತಾಟು ಉರಿಸಿದರೆ ಆ ಎಲ್ಲೆಯನ್ನು ದಾಟಲು ಎಷ್ಟು ಹೊತ್ತು ಬೇಕು? ಲಾರಿಯ ಕೆಳಗೆ ಎಣ್ಣೆ ಜಿಡ್ಡು ಮೆತ್ತಿಕೊಂಡಿರುತ್ತದೆ. ಮೇಲೆ ಹಗ್ಗ, ತಾಡಪಾಲು. ಅಕ್ಕಪಕ್ಕದಲ್ಲಿ ಒಣ ಚೀಲಗಳ ರಾಶಿ, ಅವುಗಳ ನಡುವೆ ಮಲಗಿರುವ ಕೂಲಿಯವರು. ಗಾಳಿ ಎಳೆಯುವ ಬಾಯಿಗೆ ಈಥರನ್ನೋ ಪೆಟ್ರೋಲನ್ನೋ ಸಿಂಪಡಿಸುವವರೂ ಇದ್ದಾರೆ. ಹೀಟರು ಕೆಂಪಗೆ ಕಾದಿರುವ ಎಂಜಿನ್ನಿಗೆ ಅದು ಸೇರಿದರೆ ಪಿಸ್ಟನ್ನು ಮೇಲೇರುವ ಮೊದಲೇ ಸ್ಫೋಟಿಸಿ ಎಂಜಿನ್ನನ್ನು ಮುರಿಯಬಲ್ಲುದು. ಬಾಗಿಲು ಮುಚ್ಚಿದ ಷೆಡ್ಡಿನೊಳಗೆ ಎಂಜಿನ್ನನ್ನು ಬಿಸಿಯಾಗಲು ಬಿಟ್ಟು ಅಲ್ಲಿಯೇ ಮಲಗುವುದೂ ಇಂತಹುದೇ ಸಾಹಸ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಕೊಳವೆ ಸರಿಯಾಯಿತು, ಈ ಸಲ ಗುಳ್ಳೆಗಳಿಲ್ಲದ ಡೀಸೆಲ್ಲು ಹರಿಯಿತು, ಕೈಪಂಪು ಗಟ್ಟಿಯಾಗಿ ಕೈಯನ್ನು ಹಿಂದಕ್ಕೆ ನೂಕತೊಡಗಿತು. ಆದರೆ ಬ್ಯಾಟರಿ ಸೋತಿತ್ತು. ಚಾಲಕನು ಆರಂಭದಲ್ಲಿ ಪೋಲು ಮಾಡಿದ ಶಕ್ತಿ ಈಗ ಬೇಕಾಗಿತ್ತು. ಮತ್ತೊಂದು ಲಾರಿಯನ್ನು ಪಕ್ಕಕ್ಕೆ ತಂದು, ದಪ್ಪ ತಂತಿಗಳಿಂದ ಧನಕ್ಕೆ ಧನವನ್ನು ಜೋಡಿಸಿ, ಋಣದ ತಂತಿಯ ಕೊನೆಯ ತುದಿಯನ್ನು ಬ್ಯಾಟರಿಗೆ ತಾಗಿಸದೆ ದೂರದಲ್ಲಿ ಲಾರಿಯ ಚೌಕಟ್ಟಿಗೆ ಸಿಕ್ಕಿಸಿದರು. ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಕಿಡಿ ಸೋಕಬಾರದೆಂಬ ಎಚ್ಚರ ಅದು. ಎರಡೂ 24 ವೋಲ್ಟಿನ ಗಾಡಿಗಳೇ ಎಂಬುದನ್ನು ಮೇಸ್ತ್ರಿ ಮೊದಲೇ ಖಚಿತ ಮಾಡಿಕೊಂಡಿದ್ದರು. ಸೆಲ್ಫ್ ಹಾಕಿದಾಗ ಸೈಲೆನ್ಸರಿನಿಂದ ಮೊದಲು ಬಿಳಿಯ ಹೊಗೆ ಬಂದಿತು, ಒಂದು ಸಿಲಿಂಡರು ಗುಡುಗಿತು, ಮತ್ತೊಂದು ಕೂಡಿಕೊಂಡಿತು, ಕೊನೆಗೆ ಎಲ್ಲವೂ ಒಂದೇ ಲಯಕ್ಕೆ ಬಂದು ಹೊಗೆ ತಿಳಿಯಾಯಿತು.

ಲಾರಿ ಹೊರಟಾಗ ಐದೂಕಾಲು ಗಂಟೆ. ನಂಜನಗೂಡಿನ ಬಳಿ ಕಪಿಲೆಯನ್ನು ದಾಟುವಾಗ ಹೊಳೆಯ ಮೇಲೆ ಮಂಜು ಕವಿದಿತ್ತು. ಗುಂಡ್ಲುಪೇಟೆಯಲ್ಲಿ ಅಂಗಡಿ ತೆರೆಯುವವರೆಗೆ ಕಾದು, ಚಾಲಕನು ಒಂದು ಮೀಟರ್ ಹೊಸ ಕೊಳವೆಯನ್ನೂ ಎರಡು ಕ್ಲಿಪ್ಪುಗಳನ್ನೂ ಕೊಂಡು ಅಲ್ಲಿಯೇ ಹಾಕಿಸಿದ. ಗೇಟು ತೆರೆದು ಬಹಳ ಹೊತ್ತಾಗಿದ್ದುದರಿಂದ ಅಲ್ಲಿ ಸಾಲು ಇರಲಿಲ್ಲ. ಆ ರಾತ್ರಿ ಲಾರಿ ನಿಂತುದು ಸಮುದ್ರಮಟ್ಟದಿಂದ 2240 ಮೀಟರ್ ಎತ್ತರದಲ್ಲಿರುವ ಉದಕಮಂಡಲದಲ್ಲಿ. ಬೆಳಗಿನ ಜಾವ ಹುಲ್ಲಿನ ಮೇಲೆಲ್ಲ ಬಿಳಿಯ ಹಿಮ ಬಿದ್ದಿತ್ತು. ಹುಡುಗ ಮುಂದಿನ ಗಾಜಿನ ಮೇಲಿನ ಹಿಮವನ್ನು ಬಟ್ಟೆಯಿಂದ ಉಜ್ಜಿ ತೆಗೆಯಬೇಕಾಯಿತು. ಚಾಲಕನು ಹತ್ತು ಎಣಿಸಿ ಬಿಟ್ಟು, ಎರಡು ನಿಮಿಷ ಕಾದು ಮತ್ತೊಮ್ಮೆ ಸೆಲ್ಫ್ ಹಾಕಿದ. ಎಂಜಿನ್ನು ಎದ್ದಿತು.